ಮರಳಿನದೊಂದು, ಹಿಟ್ಟಿನದೊಂದು

ಗಂಡ ಕಡಲತೀರದಿಂದ ತಂದ ಶೀಶೆಯಲ್ಲಿ ಓಡಾಡುತ್ತಿದ್ದ ಜೀರುಂಡೆಗಳಲ್ಲಿ ಒಂದು ಸಮುದ್ರದ ಮುಖವನ್ನೇ ಕಂಡದ್ದಲ್ಲ. ಭೂತಗನ್ನಡಿ ಹಿಡಿದ ಕೂಡಲೇ ಹೆಂಡತಿಗೆ ಅದು ತಿಳಿದುಹೋಯಿತು. ವಸ್ತುಸಂಗ್ರಹಾಲಯಕ್ಕೆಂದು ಅವನು ಹುಳ ಹಿಡಿದು ತರುವುದು, ಇವಳು ಅವಕ್ಕೆ ಸೂಜಿ ಚುಚ್ಚಿ ಪೆಟ್ಟಿಗೆಗೆ ಸೇರಿಸುವುದು, ಇದೇ ಇಬ್ಬರ ಕಸುಬು.

"ರೀ, ಸ್ವಲ್ಪ ಬನ್ನಿ ಇಲ್ಲಿ. ಇವೆರಡನ್ನ ನೋಡಿ."

ಅವನು ಬಗ್ಗಿ ನೋಡಿದ. ಬಿಳಿ ತಟ್ಟೆಯಲ್ಲಿ ಎರಡು ಹುಳ, ಎರಡೂ ಜೀರಿಗೆ ಕಾಳಿನಷ್ಟೇ. ಮರಳಿನದು ಗುಂಡಗೆ, ಮಾಸಲು ಹಳದಿ. ಮುಂಗಾಲು ಸಲಿಕೆಯ ಹಾಗೆ ಅಗಲ, ಮುಳ್ಳುಮುಳ್ಳು. ಇನ್ನೊಂದು ಸಪೂರ, ಕೆಂಪು ಕಂದು. ಕಾಲು ಕಡ್ಡಿ, ಮೀಸೆಯ ತುದಿ ಮಾತ್ರ ದಪ್ಪ. ದಾಯಾದಿಗಳೇ ಸರಿ, ಆದರೆ ಒಂದರ ಮನೆಗೆ ಇನ್ನೊಂದು ಕಾಲಿಡುವುದಿಲ್ಲ.

"ಎರಡೂ ಮರಳಲ್ಲೇ ಸಿಕ್ಕಿದ್ದು," ಅಂದ.

"ಯಾರ ಕಿವಿ ಮೇಲೆ ಹೂವಿಡ್ತೀರಿ? ಇದು ಹಿಟ್ಟಿನ ಹುಳ. ಈ ಕಾಲಲ್ಲಿ ಮರಳು ಅಗೆಯುತ್ತಾ ಇದು?"

"ನಮ್ಮ ಅಡುಗೆಮನೇದೇ ಇರಬೇಕು ಕಣೇ."

"ನನ್ನ ಡಬ್ಬೀಲಿ ಹುಳಾನಾ! ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ."

ಅವಳಿಗೆ ಒಂದೊಂದೇ ನೆನಪಾಯಿತು. ಈಚೆಗೆ ಭಾನುವಾರ ಬಂತೆಂದರೆ ಇವನಿಗೆ ಇಸ್ತ್ರಿ ಅಂಗಿ ಬೇಕು. ಜೀರುಂಡೆ ಹಿಡಿಯಲು ಯಾವ ಮಹಾರಾಯ ಇಸ್ತ್ರಿ ಅಂಗಿ ತೊಟ್ಟು ಹೋಗುತ್ತಾನೆ? ಸಂಜೆ ಬಂದು ಊಟ ಬೇಡ ಅನ್ನುತ್ತಾನೆ. ಮರಳು ಯಾರಿಗಾದರೂ ಊಟ ಹಾಕೀತೇ? ಯಾವಳದೋ ಅಡುಗೆಮನೆಯಲ್ಲಿ ಗಂಡ ಆರಾಮಾಗಿ ಕೂತದ್ದು ಕಣ್ಣಿಗೆ ಕಟ್ಟಿ, ಚಿಮುಟವನ್ನು ತಟ್ಟೆಯ ಪಕ್ಕ ಕುಕ್ಕಿದಳು.

"ಯಾರವಳು? ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡಿ. ಇಲ್ಲಾಂದ್ರೆ ಈ ಮನೇಲಿ ನಾನಿರಲ್ಲ."

ಅವನು ಕುರ್ಚಿ ಎಳೆದು ಕುಳಿತ.

"ಮಗಳ ಮನೆಗೆ ಹೋಗಿದ್ದೆ. ಸಮುದ್ರದಿಂದ ನೇರ ಅಲ್ಲಿಗೇ. ನೋಡ್ತೀನಿ ಅಂತ ಶೀಶೆ ತಗೊಂಡ್ಲು, ಕೈಜಾರಿ ಅಡುಗೆ ಕಟ್ಟೆ ಮೇಲೆಲ್ಲ ಚೆಲ್ತು. ಹಿಡಿದು ತುಂಬೋ ಗಡಿಬಿಡೀಲಿ ಇದೂ ಸೇರ್ಕೊಂಡಿದೆ."

ಮಗಳು! ತಾಯಿಯ ಮಾತು ಮೀರಿ ಮದುವೆಯಾದವಳು. ಅವಳು ನನ್ನ ಪಾಲಿಗಿಲ್ಲ, ನೀವೂ ಆ ಹೊಸಿಲು ತುಳಿಯಕೂಡದು ಎಂದು ಇವಳೇ ಗಂಡನಿಂದ ಭಾಷೆ ತೆಗೆದುಕೊಂಡಿದ್ದಳು. ಇನ್ನು ರಂಪ ತಪ್ಪಿದ್ದಲ್ಲವೆಂದು ಅವನು ತಲೆ ತಗ್ಗಿಸಿದ.

ಅವಳು ಭೂತಗನ್ನಡಿ ಎತ್ತಿಕೊಂಡು ಆ ಕೆಂಪು ಹುಳವನ್ನೇ ನೋಡುತ್ತಾ ಕುಳಿತಳು, ಕಣ್ಣು ತುಂಬಿ ಅದು ಮಸುಕಾಗುವವರೆಗೂ.

"ಹುಳ ಬಿದ್ದ ಹಿಟ್ಟು ತಿಂತಿದ್ದಾಳೇನ್ರೀ ಅವಳು? ಒಂದು ಜರಡಿಯಾದ್ರೂ ಇದೆಯಾ ಆ ಮನೇಲಿ?"