ಅದಿಯೋಸ್, ಕಸಿಲ್ದಾ

ಬೀದಿಯಿಂದ ಮತ್ತೊಂದು "ಅದಿಯೋಸ್, ಕಸಿಲ್ದಾ!" ಬಂದದ್ದೇ ತಡ, ನೆಲಿದಾ ಎದ್ದು ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಮುದುಕಿ ಕಸಿಲ್ದಾಳನ್ನು ನೋಡಿಕೊಳ್ಳಲು ಬೊಲಿವಿಯಾದಿಂದ ಸ್ಪೇನಿನ ಈ ಹಳ್ಳಿಗೆ ಬಂದು ಅವಳಿಗಿನ್ನೂ ವಾರವಾಗಿರಲಿಲ್ಲ. ಬ್ರೆಡ್ ಮಾರುವವಳು, ಟ್ರ್ಯಾಕ್ಟರಿನ ತಾಸಿಯೊ, ಇಗರ್ಜಿಗೆ ಓಡುವ ಪಾದ್ರಿ, ಎಲ್ಲರೂ ಹಾಸಿಗೆ ಹಿಡಿದವಳಿಗೆ ವಿದಾಯ ಹೇಳಿ ಹೋಗುವುದನ್ನು ಅವಳಿಂದ ಸಹಿಸಲಾಗಲಿಲ್ಲ. "ಗಾಳಿ ತಣ್ಣಗಿದೆ ಅಮ್ಮಾ," ಎಂದಳು.

ಅಂದಿನಿಂದ ಕಸಿಲ್ದಾ ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳ್ಳುಳ್ಳಿ ಸಾರಿನ ಬಟ್ಟಲು ಹಾಗೆಯೇ ಅಡುಗೆಮನೆಗೆ ಮರಳತೊಡಗಿತು. ಚಮಚ ಹಿಡಿದು ಹಿಡಿದು ನೆಲಿದಾಳ ಕೈ ಸೋತಿತ್ತು.

"ಒಂದೇ ಒಂದು ಚಮಚ. ನನ್ನ ಮುಖ ನೋಡಿಯಾದ್ರೂ."

"ನಿನ್ನ ಮುಖ ನೋಡೀ ನೋಡೀನೇ ಹಸಿವು ಸತ್ತಿರೋದು." ಆಮೇಲೆ ಕಸಿಲ್ದಾ ಗೋಡೆಗೇ ಹೇಳುವಂತೆ, "ಊರೋರ ಬಾಯಿ ಬಿದ್ದುಹೋಯ್ತೇನೆ? ಕಿಟಕಿಯಾಚೆಯಿಂದ ಒಬ್ರಾದ್ರೂ ಕೂಗಬಾರ್ದಾ? ನಾನು ಸತ್ತೆ ಅಂದ್ಕೊಂಡ್ರಾ?" ಎಂದಳು.

"ಅವರು ಕೂಗೋ ಮಾತಿಗೇ ಕಿಟಕಿ ಮುಚ್ಚಿದ್ದು ನಾನು. ನಮ್ಮ ಕಡೆ ಅದಿಯೋಸ್ ಅನ್ನೋದು ಮತ್ತೆ ಸಿಗದೇ ಇರೋರಿಗೆ. ನಾನು ವಿಮಾನ ಹತ್ತೋವಾಗ ನಮ್ಮಮ್ಮ ಬಾಯಿ ತಪ್ಪಿ ಕೂಡ ಅಂದಿಲ್ಲ."

ಮುದುಕಿ ನಿಧಾನವಾಗಿ ಈಚೆ ಹೊರಳಿದಳು. "ಅಯ್ಯೋ ಪೆದ್ದೀ. ಇಲ್ಲಿ ಎದುರು ಸಿಕ್ಕ ಗಟ್ಟಿಮುಟ್ಟಾದೋರಿಗೂ ಅದನ್ನೇ ಹೇಳ್ತೀವಿ. ಅ ದಿಯೋಸ್, ದೇವರಿಗೆ. ನಿನ್ನ ನೋಡ್ದೆ, ನಿಲ್ಲೋಕೆ ಪುರುಸೊತ್ತಿಲ್ಲ, ಮತ್ತೆ ಸಿಗೋವರೆಗೂ ದೇವರ ಕೈಗೆ ಒಪ್ಪಿಸಿರ್ತೀನಿ ಅಂತ. ನಾನಿನ್ನೂ ಬದುಕಿರೋರ ಲೆಕ್ಕದಲ್ಲಿದೀನಿ ಅಂತ ಗೊತ್ತಾಗ್ತಿದ್ದಿದ್ದೇ ಅದರಿಂದ. ತೆಗಿ, ಕಿಟಕಿ ತೆಗಿ."

ನೆಲಿದಾ ತೆಗೆದಳು. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದಿನ ನಡುವೆ ತಾಸಿಯೊ ಕೂಗಿದ್ದು ಕೇಳಿಸಿತು: "ಅದಿಯೋಸ್, ಕಸಿಲ್ದಾ!"

"ಅದಿಯೋಸ್, ಕಳ್ಳಾ!" ಎಂದು ಉತ್ತರಿಸಿದ ಮುದುಕಿ ಅರ್ಧ ಬಟ್ಟಲು ಸಾರು ಕುಡಿದಳು.

ಮರುವಾರ ಡಾಕ್ಟರು ಬಂದರು. ನೋಡಿದ ಮೇಲೆ ನೆಲಿದಾಳನ್ನು ಬೀದಿಗೆ ಕರೆದು ತಗ್ಗಿದ ದನಿಯಲ್ಲಿ ಮಾತಾಡಿದರು. ಎದುರುಮನೆಯ ಬಾಗಿಲಲ್ಲಿ ಯಾರೋ ಕಿವಿಗೊಟ್ಟು ನಿಂತಿದ್ದರು. ಒಳಗೆ ಬಂದ ನೆಲಿದಾ, "ಎಲ್ಲಾ ಹಾಗೇ ಇದೆಯಂತೆ," ಎಂದು ಹೊದಿಕೆ ಸರಿಪಡಿಸಿದಳು.

ಸಂಜೆ ಟ್ರ್ಯಾಕ್ಟರ್ ಬಂತು. ಕಿಟಕಿಯ ಮುಂದೆ ಅದರ ಎಂಜಿನ್ ನಿಂತಿತು. ತಾಸಿಯೊ ಇಳಿದು, ಟೋಪಿ ತೆಗೆದು, ಕಿಟಕಿಯ ಸರಳು ಹಿಡಿದು ನಿಂತ.

"ಹೇಗಿದೀಯ ಕಸಿಲ್ದಾ?" ಎಂದ, ಮೆಲ್ಲಗೆ.

ಅವಳು ಅವನ ಟೋಪಿಯಿಲ್ಲದ ತಲೆಯನ್ನು ನೋಡಿದಳು.

"ಎಷ್ಟು ದಿನ ಅಂದ್ರಂತೆ, ತಾಸಿಯೊ?"