ಒಲೆ ಹಚ್ಚದ ಅಡಿಗೆಯವರು

ಬಂದು ನಾಲ್ಕು ದಿನವಾದರೂ ಆ ಇಬ್ಬರು ಅಡಿಗೆಯವರು ಒಂದು ಸಲವೂ ಒಲೆ ಹಚ್ಚಿರಲಿಲ್ಲ. ಇನ್‌ಸ್ಪೆಕ್ಟರ್ ನಂಜುಂಡನ್‌ಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಗುಪ್ತಚರ ಇಲಾಖೆಯಲ್ಲಿ ಅವನದು ಮೂವತ್ತೊಂದು ವರ್ಷದ ಸರ್ವಿಸು. ಇನ್ನೆರಡು ತಿಂಗಳಿಗೆ ನಿವೃತ್ತಿ. ಮಂಡಿ ನೋವು, ನಿದ್ದೆ ಇಲ್ಲ, ಯಾರನ್ನೂ ನಂಬಲಾಗದ ಕೆಟ್ಟ ಅಭ್ಯಾಸ ಬೇರೆ. ಸಾಕಪ್ಪಾ ಸಾಕು ಅನ್ನಿಸಿ ಎಷ್ಟೋ ಕಾಲವಾಗಿತ್ತು. ಅಂಥ ಹೊತ್ತಿನಲ್ಲಿ, 1998ರ ಡಿಸೆಂಬರಿನಲ್ಲಿ, ಈ ಕೆಲಸವನ್ನು ಅವನ ತಲೆಗೆ ಕಟ್ಟಿದರು. ಕೀಳ್ ಕೋತಗಿರಿಯ ಟೀ ತೋಟದ ನಡುವೆ ಒಂದು ಹಳೆಯ ಬಂಗಲೆ. ಅಲ್ಲಿ ಎರಡು ದೇಶಗಳವರು ಗುಟ್ಟಾಗಿ ಕೂತು ಮಾತಾಡುತ್ತಾರೆ. ನಮ್ಮವರು ಮೂವರು, ಗಡಿಯಾಚೆಯವರು ಮೂವರು, ಒಂದೊಂದು ಕಡೆಗೆ ಒಬ್ಬೊಬ್ಬ ಅಡಿಗೆಯವನು. ಅವರ ಜೈಲಿನಲ್ಲಿರುವ ನಮ್ಮ ಸೈನಿಕರು, ನಮ್ಮ ಜೈಲಿನಲ್ಲಿರುವ ಅವರ ಸೈನಿಕರು, ಇವರನ್ನು ಬಿಡುವುದೋ ಬೇಡವೋ ಎಂಬುದೊಂದೇ ವಿಷಯ.

ಹಾಲ್‌ನ ಮೇಜಿನ ಕೆಳಗೆ ನಂಜುಂಡನ್ ಮೈಕ್ ಅಂಟಿಸಿದ್ದ. ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತು, ಪ್ರತಿ ಮಾತನ್ನೂ ಬರೆದು ದೆಹಲಿಗೆ ಕಳಿಸಬೇಕು. ಎರಡನೆಯ ದಿನ ಮೈಕ್ ಸರಿಪಡಿಸಲು ಕೈ ಹಾಕಿದರೆ ಆಚೆಯವರ ಮೈಕೂ ಒಂದು ಬೆರಳಿಗೆ ತಾಗಿತು! ಮೇಜಿನ ಸುತ್ತ ಕೂತವರಿಗೂ ಇದು ಗೊತ್ತಿದ್ದಿರಬೇಕು. ಮನಸ್ಸಿನ ಮಾತು ಒಂದೂ ಬರುತ್ತಿರಲಿಲ್ಲ, ಬರೀ ಭಾಷಣ.

ಅಡಿಗೆಮನೆ ಲಿಂಗಿಯದು. ಮೂವತ್ತು ವರ್ಷ ಆ ಬಂಗಲೆಗೆ ಬಂದವರಿಗೆಲ್ಲ ಬಡಿಸಿ ಹರಕುಮುರಕು ಹಿಂದಿ ಕಲಿತವಳು. ಊಟದಲ್ಲಿ ವಿಷ ಬೆರೆಸಿಯಾರೆಂಬ ಭಯಕ್ಕೆ ಎರಡೂ ಕಡೆಯವರು ತಮ್ಮ ತಮ್ಮ ಅಡಿಗೆಯವನನ್ನು ಕರೆತಂದಿದ್ದರು. ಲಿಂಗಿ ಕೇಳಬೇಕಲ್ಲ! ಅವಳು ಲಿಂಗ ಕಟ್ಟಿದವಳು.

"ಎನ್ನ ಒಲೆ ಮೇಲೆ ಮಾಂಸ ಬೇಯಬಾರದು. ಎನ್ನ ಸೌಟನ್ನು ಬೇರೆಯವರು ಮುಟ್ಟಬಾರದು" ಎಂದಳು ಮೊದಲ ದಿನವೇ. ಇಬ್ಬರು ಅಡಿಗೆಯವರ ನಡುವೆ ಒಂದು ಮೊರ ಇಟ್ಟು ಅವರೆಕಾಯಿ ಸುರಿದಳು. ಅವಳ ಹಟ್ಟಿಯಲ್ಲಿ ಅಡಿಗೆಮನೆಗೆ ಬಂದವರು ಕೈ ಖಾಲಿ ಇಟ್ಟುಕೊಂಡು ಕೂರುವಂತಿಲ್ಲ. ಆಶ್ಚರ್ಯವೆಂದರೆ ಯಾರೂ ಎದುರಾಡಲಿಲ್ಲ. ವಿಷದ ಮಾತನ್ನೂ ಆಮೇಲೆ ಯಾರೂ ಎತ್ತಲಿಲ್ಲ.

ಲಿಂಗಿಯ ಒಬ್ಬನೇ ಮಗ ಮಹಾಲಿಂಗಂ ಸೈನ್ಯದಲ್ಲಿ ಲಾರಿ ಡ್ರೈವರ್. ಐದು ವರ್ಷದ ಹಿಂದೆ ಗಡಿಯಲ್ಲಿ ದಾರಿ ತಪ್ಪಿ ಆಚೆಯವರ ಕೈಗೆ ಸಿಕ್ಕಿಬಿದ್ದಿದ್ದ. ಬಂದವರು ಯಾರು, ಯಾಕೆ ಬಂದರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೆತ್ತ ಕರುಳಿಗೆ ಹೇಳಬೇಕೆ?

"ಹಾಲ್‌ನಲ್ಲಿ ಎನ್ನ ಮಗನ ಸುದ್ದಿ ಬಂತಾ?" ಎಂದು ಕಾಫಿ ಕೊಡುವಾಗಲೆಲ್ಲ ಕೇಳುತ್ತಿದ್ದಳು.

"ಎನಗೇನು ಗೊತ್ತು ಅಕ್ಕಾ" ಎನ್ನುತ್ತಿದ್ದ ನಂಜುಂಡನ್. ಇಬ್ಬರದೂ ಒಂದೇ ಹಟ್ಟಿ. ಅವಳ ಮುಖ ನೋಡಿ ಸುಳ್ಳು ಹೇಳುವುದು ಅವನಿಗೆ ಎಲ್ಲಕ್ಕಿಂತ ದೊಡ್ಡ ಸುಸ್ತಾಗಿತ್ತು.

ನಾಲ್ಕನೆಯ ದಿನ ಅವನು ಅಡಿಗೆಮನೆಗೆ ಇಣುಕಿದ. ಆಚೆಯ ಅಡಿಗೆಯವನು ಬಿಳಿ ಗಡ್ಡದ ಮುದುಕ. ನಮ್ಮವನು ದಪ್ಪ ಕನ್ನಡಕದ ಬೋಳುತಲೆಯವನು. ಅವರೆ ಸುಲಿಯಲೂ ನೆಟ್ಟಗೆ ಬರುತ್ತಿರಲಿಲ್ಲ. ಕಾಳು ನೆಲಕ್ಕೆ, ಸಿಪ್ಪೆ ಪಾತ್ರೆಗೆ. ತಗ್ಗಿದ ದನಿಯಲ್ಲಿ ಮಾತು ಮಾತ್ರ ಒಂದೇ ಸಮನೆ ನಡೆದಿತ್ತು. ನಂಜುಂಡನ್ ಒಳಗೆ ಕಾಲಿಟ್ಟದ್ದೇ ತಡ, ಇಬ್ಬರೂ ಬಾಯಿ ಮುಚ್ಚಿದರು. ಇವರು ಗೂಢಚಾರರೇ, ಹಾಲ್‌ನ ಗುಟ್ಟುಗಳನ್ನು ಇಲ್ಲಿ ಅದಲುಬದಲು ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡ ಅವನು.

"ಇಬ್ಬರೂ ಒಟ್ಟಿಗೆ ಕೂರುವಂತಿಲ್ಲ" ಎಂದು ಮುದುಕನನ್ನು ಹಿತ್ತಲಿನ ಸೌದೆ ಕೊಟ್ಟಿಗೆಗೆ ಕಳಿಸಿದ. ಮುದುಕ ಎದ್ದುಹೋದ.

ಆ ಮಧ್ಯಾಹ್ನ ಹಾಲ್‌ನಲ್ಲಿ ಭಾಷಣವೂ ನಿಂತುಹೋಯಿತು. ಹೆಡ್‌ಫೋನಿನಲ್ಲಿ ಬರೀ ಕೆಮ್ಮು, ಲೋಟದ ಸದ್ದು. ಏನು ಮಾತಾಡಬೇಕೆಂದು ಯಾರಿಗೂ ತಿಳಿದಂತಿರಲಿಲ್ಲ.

ಸಂಜೆ ಲಿಂಗಿ ಅವನ ಕೋಣೆಗೇ ನುಗ್ಗಿದಳು. "ಏ ನಂಜುಂಡಾ, ನಿನಗೆ ಬುದ್ಧಿ ಉಂಟಾ? ವಯಸ್ಸಾದವರನ್ನು ಚಳಿಯಲ್ಲಿ ಕೂರಿಸಿದೆಯಲ್ಲ! ಪಾಪ, ಎನ್ನ ಮಗನ ವಿಷಯ ಎಷ್ಟು ಕೇಳಿದ. ಹೆಸರೇನು, ಯಾವ ರೆಜಿಮೆಂಟು, ಎಲ್ಲಿ ಸಿಕ್ಕಿಬಿದ್ದ..."

"ಅಯ್ಯೋ, ಎಲ್ಲ ಹೇಳಿಬಿಟ್ಟೆಯಾ ಅಕ್ಕಾ? ಅವನು ಅಡಿಗೆಯವನೇ ಅಲ್ಲ, ಗೂಢಚಾರ!"

"ಯಾರಾದರೂ ಆಗಲಿ. ಐದು ವರ್ಷದಲ್ಲಿ ಎನ್ನ ಮಗನ ಹೆಸರು ಕೇಳಿದವನು ಅವನೊಬ್ಬನೇ. ನೀ ಕೇಳಿದೆಯಾ?"

ನಂಜುಂಡನ್‌ಗೆ ನಾಚಿಕೆಯಾಯಿತು. ಜಗಳಕ್ಕೆ ಮೈಯಲ್ಲಿ ಶಕ್ತಿಯೂ ಇರಲಿಲ್ಲ. ಹಾಳಾಗಿ ಹೋಗಲಿ ಎಂದು ಮರುದಿನ ಬೆಳಿಗ್ಗೆಯೇ ಮುದುಕನನ್ನು ಒಳಗೆ ಬಿಟ್ಟ. ಹಾಲ್‌ನಲ್ಲಿ ಭಾಷಣ ಮತ್ತೆ ಶುರುವಾಯಿತು.

ಏಳನೆಯ ದಿನ ಎಲ್ಲ ಮುಗಿಯಿತು. ಆಚೆಯ ಮುಖ್ಯಸ್ಥ ಮೇಜು ಗುದ್ದಿ, "ಒಬ್ಬನನ್ನೂ ಬಿಡುವುದಿಲ್ಲ" ಎಂದು ಕೂಗಿದ. ನಮ್ಮ ಮುಖ್ಯಸ್ಥ ಕಾಗದ ಹರಿದ ಸದ್ದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮಾತುಕತೆ ಮುರಿಯಿತೆಂದು ನಂಜುಂಡನ್ ದೆಹಲಿಗೆ ತಿಳಿಸಿದ. ಆಮೇಲೆ ಅಡಿಗೆಮನೆಗೆ ಹೋಗಿ ನಿಂತ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದ.

"ಆಗಲಿಲ್ಲ ಅಕ್ಕಾ. ಯಾರನ್ನೂ ಬಿಡುವುದಿಲ್ಲವಂತೆ."

ಲಿಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಸಿದಳು.

ಅಂಗಳದಲ್ಲಿ ಕಾರುಗಳು ಹೊರಟು ನಿಂತಿದ್ದವು. ಮೇಜು ಗುದ್ದಿದ ಮುಖ್ಯಸ್ಥ ಓಡಿಬಂದು ಕಾರಿನ ಹಿಂಬಾಗಿಲು ತೆರೆದ. ತಾನು ಕೂರಲಿಲ್ಲ. ಬಿಳಿ ಗಡ್ಡದ ಮುದುಕನ ಎದುರು ತಲೆ ತಗ್ಗಿಸಿ ನಿಂತ. ಇತ್ತ ನಮ್ಮ ಮುಖ್ಯಸ್ಥ ಬೋಳುತಲೆಯವನ ಪೆಟ್ಟಿಗೆ ಹೊತ್ತು ಅವನ ಹಿಂದೆಯೇ ಬರುತ್ತಿದ್ದ. ನಂಜುಂಡನ್‌ಗೆ ತಲೆಬುಡ ತಿಳಿಯಲಿಲ್ಲ.

ಮುದುಕ ಕಾರು ಹತ್ತದೆ ಲಿಂಗಿಯ ಬಳಿ ಬಂದು, ಮಂಡಿಯೂರಿ ಕೂತು, ನಿಧಾನವಾದ ಹಿಂದಿಯಲ್ಲಿ ಹೇಳಿದ:

"ಹಾಲ್‌ನ ಕೂಗಾಟ ಗೋಡೆಯ ಕಿವಿಗಳಿಗೆ, ತಾಯಿ, ನಾವಿಬ್ಬರು ಇವತ್ತು ಬೆಳಿಗ್ಗೆ ನಿಮ್ಮ ಅಡಿಗೆಮನೆಯಲ್ಲೇ ಸಹಿ ಹಾಕಿದೆವು, ಬಿಡುಗಡೆಯ ಪಟ್ಟಿಯಲ್ಲಿ ಮೊದಲ ಹೆಸರು ಮಹಾಲಿಂಗಂ."