ಏಳನೇ ನಂಬರಿನ ಕಿಟಕಿ

ಏಳನೇ ನಂಬರಿನ ಕೋಣೆ ನೋಡಬೇಕು ಎಂದು ಆ ಹೆಂಗಸು ಕೇಳಿದಾಗ ಬೀಗದಜ್ಜನ ಬಾಯಿಂದ ಬಂದದ್ದು ಒಂದೇ ಮಾತು: "ಯಾವ ಏಳು ತಾಯಿ?"

ಕೇಳಬೇಕಾದ ಮಾತೇ ಅದು. ಗುಡ್ಡದ ನೆತ್ತಿಯ ಮೇಲೆ ಈ ಬಂಗಲೆ ಕಟ್ಟಿಸಿದವನೊಬ್ಬ ವ್ಯಾಪಾರಿ. ದಂಡೆತ್ತಿ ಬರುವವರು ಯಾರೂ ಇಲ್ಲದಿದ್ದರೂ ಕೋಟೆಗೋಡೆ, ಬುರುಜು ಎಲ್ಲ ಮಾಡಿಸಿ, ಕೊನೆಗೆ ಮೆಟ್ಟಿಲು ಹತ್ತಲಾರದೆ ಮಾರಿ ಹೋದ. ಆಮೇಲೆ ಅದು ಎದೆರೋಗದವರ ಆಸ್ಪತ್ರೆಯಾಯಿತು, ಹೆಣ್ಣುಮಕ್ಕಳ ಶಾಲೆಯಾಯಿತು, ಹೋಟೆಲಾಯಿತು. ಬಂದವರೆಲ್ಲ ಹಳೆಯ ನಂಬರಿನ ಮೇಲೆ ಬಣ್ಣ ಬಳಿದು ಹೊಸದು ಬರೆಸಿದರು. ಆಸ್ಪತ್ರೆಯವರು ಅಡುಗೆಮನೆಯಿಂದ ಎಣಿಸಿದರೆ ಶಾಲೆಯವರು ಆಫೀಸಿನಿಂದ, ಹೋಟೆಲಿನವರು ಬುರುಜಿನಿಂದ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ! ಅಜ್ಜ ಮಾತ್ರ ಬದಲಾಗಿರಲಿಲ್ಲ. ಆಸ್ಪತ್ರೆಯ ಕಾಲದಲ್ಲಿ ವಾರ್ಡಿನ ಆಳಾಗಿ ಸೇರಿದವನನ್ನು ಕೊಂಡವರೆಲ್ಲ ಬಾಗಿಲು ಕಿಟಕಿಗಳ ಜೊತೆಗೇ ಕೊಂಡಿದ್ದರು. ಈಗ ಹೋಟೆಲೂ ಮುಚ್ಚಿತ್ತು. ಒಳಗೋಡೆಗಳನ್ನೆಲ್ಲ ಒಡೆದು ಒಂದೇ ದೊಡ್ಡ ಹಾಲ್ ಮಾಡಲು ಸೋಮವಾರ ಕೆಲಸದವರು ಬರುವವರಿದ್ದರು.

"ಆಸ್ಪತ್ರೆ ಏಳು. ನಮ್ಮಮ್ಮ ಮೂರು ತಿಂಗಳು ಇಲ್ಲಿದ್ಳು. ಇಲ್ಲೇ ಹೋದ್ಳು" ಎಂದಳು ಆಕೆ. ಅರವತ್ತು ದಾಟಿದವಳು, ಗುಡ್ಡ ಹತ್ತಿದ ದಣಿವಿಗೆ ಏದುಸಿರು ಬಿಡುತ್ತಿದ್ದಳು. ಮಕ್ಕಳನ್ನು ಆಸ್ಪತ್ರೆಯೊಳಗೆ ಬಿಡುತ್ತಿರಲಿಲ್ಲವಂತೆ. ಭಾನುವಾರ ಭಾನುವಾರ ಅಪ್ಪ ಅವಳ ಕೈಗೆ ಕೆಂಪು ಕೊಡೆ ಕೊಟ್ಟು ಕೆಳಗಿನ ತಿರುವಿನಲ್ಲಿ ನಿಲ್ಲಿಸುತ್ತಿದ್ದನಂತೆ. ಮೇಲಿನ ಕಿಟಕಿಯಿಂದ ಅಮ್ಮ ಬಿಳಿ ಬಟ್ಟೆ ಬೀಸುತ್ತಿದ್ದಳಂತೆ. ಗೋಡೆ ಒಡೆಯುವ ಮೊದಲು ಆ ಕಿಟಕಿಯಲ್ಲಿ ಒಮ್ಮೆ ನಿಂತು, ತಾನು ಅಮ್ಮನಿಗೆ ಹೇಗೆ ಕಾಣುತ್ತಿದ್ದೆನೆಂದು ನೋಡಬೇಕಿತ್ತು ಅವಳಿಗೆ.

ಅಜ್ಜ ಎರಡು ಕಡೆ ಎಡವಿದ. ಮೊದಲು ತೆರೆದದ್ದು ಹೋಟೆಲಿನ ಏಳು, ಆಮೇಲೆ ಶಾಲೆಯ ಏಳು. ಮೂರನೆಯ ಬಾಗಿಲಿನ ಬಣ್ಣವನ್ನು ಕೀಲಿಯ ಮೊನೆಯಿಂದ ಕೆರೆದಾಗ ಹೋಟೆಲಿನ ಹಳದಿ, ಶಾಲೆಯ ಹಸಿರು ಉದುರಿ, ಅಡಿಯಲ್ಲಿ ಆಸ್ಪತ್ರೆಯ ನೀಲಿ ಏಳು ಕಾಣಿಸಿತು. ಎಡಗೈಯಲ್ಲಿ ಬೀಗ ತಿರುಗಿಸಿ ಬಾಗಿಲು ನೂಕಿದ. ಆಕೆ ನೇರ ಕಿಟಕಿಗೆ ಹೋದಳು.

ಎದುರಿಗೆ ಬಂಡೆ. ಕೈಚಾಚಿದರೆ ಮುಟ್ಟುವಷ್ಟು ಹತ್ತಿರ. ಏಳಲಾಗದ ರೋಗಿಗಳನ್ನು ಗಾಳಿ ತಾಗದಿರಲೆಂದು ಹಿಂದಿನ ಸಾಲಿನಲ್ಲಿ ಮಲಗಿಸುತ್ತಿದ್ದರು ಎಂಬುದು ಅಜ್ಜನಿಗೆ ಆಗ ನೆನಪಾಯಿತು.

"ಇಲ್ಲಿಂದ ದಾರೀನೇ ಕಾಣಲ್ಲವಲ್ಲ ಯಜಮಾನ್ರೇ. ಮತ್ತೆ ಅಮ್ಮ ಎಲ್ಲಿಂದ ಬೀಸ್ತಿದ್ಳು?"

ಅಜ್ಜ ತಲೆ ಕೆರೆದುಕೊಂಡ. ಕೆಂಪು ಕೊಡೆ. ಭಾನುವಾರ. ಭಾನುವಾರವೆಂದರೆ ವಾರ್ಡಿನ ಬಿಳಿ ಹೊದಿಕೆಗಳನ್ನೆಲ್ಲ ಬುರುಜಿನ ಕಿಟಕಿಯಲ್ಲಿ ಕೊಡವಬೇಕಿತ್ತು, ಅದು ಅವನ ಕೆಲಸ. ಕೆಳಗೆ ಒಂದು ಪುಟ್ಟ ಹುಡುಗಿ ಕೊಡೆ ಎತ್ತಿ ಎತ್ತಿ ಕುಣಿಯುತ್ತಿತ್ತು. ಯಾರ ಮಗುವೋ, ತನ್ನನ್ನು ಕಂಡರೆ ಅದಕ್ಕೆ ಇಷ್ಟು ಖುಷಿಯಾಗುತ್ತದಲ್ಲ ಎಂದು ಅವನೂ ಕೈಯಲ್ಲಿದ್ದ ಹೊದಿಕೆಯನ್ನು ಬೀಸುತ್ತಿದ್ದ. ಈಗ ಆ ನೆನಪು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಇವಳ ತಾಯಿಯನ್ನು ಕಿತ್ತುಕೊಂಡಂತೆ, ಹೇಳದಿದ್ದರೆ ಆ ಜಾಗದಲ್ಲಿ ತಾನೇ ಕೂತಂತೆ. ಐವತ್ತೈದು ವರ್ಷ ಈ ಮನೆಯ ಒಂದೊಂದು ಬಾಗಿಲೂ ತನಗೆ ಗೊತ್ತು ಎಂದು ಮೆರೆದವನಿಗೆ ಯಾವ ಕಡೆ ಹೋಗಬೇಕೆಂದೇ ತೋಚಲಿಲ್ಲ.

ಕೊನೆಗೆ, ನಂಬರು ತಪ್ಪಿರಬೇಕು, ಬುರುಜಿನ ಕೋಣೆಯೇ ಇದ್ದೀತು ಎಂದುಬಿಟ್ಟ. ಆಕೆಯ ಮುಖ ಅರಳಿತು. ಅಲ್ಲಿ ಹೋಗಿ ಕಿಟಕಿಯಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ, ತಾನು ತಿರುವಿನಲ್ಲಿ ನಿಲ್ಲುತ್ತೇನೆ, ಇಲ್ಲಿಂದ ಏನಾದರೂ ಒಂದು ಬಟ್ಟೆ ಬೀಸಿ ಎಂದು ಕೇಳಿಕೊಂಡು, ಚೀಲ ಅಲ್ಲೇ ಬಿಟ್ಟು ಮೆಲ್ಲಗೆ ಇಳಿದು ಹೋದಳು.

ಹೋಟೆಲಿನವರು ಬಿಟ್ಟುಹೋದ ಹೊದಿಕೆಯೊಂದನ್ನು ಅಜ್ಜ ಕಿಟಕಿಯಾಚೆ ಹಿಡಿದು ಬೀಸಿದ. ಕೆಳಗೆ ಆಕೆ ಸೆರಗು ಹಿಡಿದೆತ್ತಿ ಆಡಿಸಿದಳು. ಅವಳು ನಿಲ್ಲಿಸುವವರೆಗೆ ತಾನು ನಿಲ್ಲಿಸಬಾರದೆಂದು ಇವನು, ಇವನು ನಿಲ್ಲಿಸಲೆಂದು ಅವಳು, ಹೀಗೇ ಎಷ್ಟೋ ಹೊತ್ತು ನಡೆಯಿತು. ಅಜ್ಜನಿಗೆ ಅಳು ಬಂತು. ಯಾರಿಗಾಗಿ ಎಂದು ಮಾತ್ರ ತಿಳಿಯಲಿಲ್ಲ.

ಆಕೆ ಚೀಲ ತೆಗೆದುಕೊಳ್ಳಲು ಮತ್ತೆ ಮೇಲೆ ಬಂದಾಗ ಅವನು ಬುರುಜಿನ ಕೋಣೆಗೆ ಬೀಗ ಹಾಕುತ್ತಿದ್ದ.

"ಇದೇ ಕಿಟಕಿ. ಅನುಮಾನವೇ ಇಲ್ಲ" ಎಂದಳು. ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡಿದಳು. "ಒಂದು ಮಾತ್ರ ನನಗೆ ಇವತ್ತಿಗೂ ಅರ್ಥ ಆಗಿಲ್ಲ ಯಜಮಾನ್ರೇ. ನಮ್ಮಮ್ಮ ಎಲ್ಲಾನೂ ಬಲಗೈಲಿ ಮಾಡೋಳು. ಆ ಕಿಟಕೀಲಿ ಮಾತ್ರ ಯಾವಾಗ್ಲೂ ಎಡಗೈಲಿ ಬೀಸ್ತಿದ್ಳು."

ಅಜ್ಜ ಕೀಲಿಯನ್ನು ಬಲಗೈಗೆ ಬದಲಿಸಿಕೊಂಡ. ಎಷ್ಟು ತಿರುಗಿಸಿದರೂ ಬೀಗ ಬೀಳಲಿಲ್ಲ.